ಗೇರು ಫ್ಯಾಕ್ಟರಿಗೆ ಬೀಗ ಬಿದ್ದರೆ ಸುಲಿಯುವ ಹೆಂಗಸರಿಗೆ ಆದಾಯ ನೆರವು ಯಾಕಿಲ್ಲ?

ಕುಮಟಾದ ಅಕ್ಕೋರು

ನಮ್ಮ ಕೇರಿಯಿಂದ ಗೇರು ಫ್ಯಾಕ್ಟರಿಗೆ ಹೋಗುತ್ತಿದ್ದ ಹೆಂಗಸರು ಈಗ ಮನೆಯಲ್ಲಿದ್ದಾರೆ. ಮೊದಲು ಬೀಜ ಬಂದಿಲ್ಲ ಎಂದರು, ಆಮೇಲೆ ವಾರಕ್ಕೆ ಮೂರು ದಿನ ಬಂದರೆ ಸಾಕು ಎಂದರು, ಕೊನೆಗೆ ಗೇಟಿಗೆ ಬೀಗ ಬಿತ್ತು. ಯಾವ ಫ್ಯಾಕ್ಟರಿ ಎಂದು ಬರೆಯುವುದಿಲ್ಲ. ಒಬ್ಬ ಮಾಲೀಕರನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ.

ಈ ಕೆಲಸ ನೋಡದವರಿಗೆ ಸ್ವಲ್ಪ ಹೇಳಬೇಕು. ಬೀಜ ಒಡೆಯುವಾಗ ಸಿಪ್ಪೆಯ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಅದಕ್ಕೇ ಬೂದಿಯನ್ನೋ ಹರಳೆಣ್ಣೆಯನ್ನೋ ಬಳಿದುಕೊಂಡು ಕೂರುತ್ತಾರೆ. ಪೊರೆ ಬಿಡಿಸುವ ಕಡೆ ಸಣ್ಣ ಚಾಕು ಹಿಡಿದು ತಿರುಳಿನ ಮೇಲಿನ ಕೆಂಪು ಸಿಪ್ಪೆ ತೆಗೆಯಬೇಕು, ಇಡಿ ಬೀಜ ಇಡಿಯಾಗಿಯೇ ಉಳಿಯಬೇಕು. ಕೂಲಿ ಕಿಲೋ ಲೆಕ್ಕ, ತುಂಡಾದದ್ದಕ್ಕೆ ದರ ಕಡಿಮೆ. ಒಂದು ಪೌಂಡಿಗೆ 320 ಬೀಜ ತೂಗುವುದು ಯಾವುದು, 240 ತೂಗುವುದು ಯಾವುದು ಎಂದು ತಕ್ಕಡಿ ಮುಟ್ಟದೆ ಬೆರಳಿನಲ್ಲೇ ಹೇಳುವವರು ಇವರು. ಇಪ್ಪತ್ತು ವರ್ಷ ಕೂತು ಕಲಿತ ಕೈಚಳಕ ಅದು. ಈಗ ಅವರನ್ನು ಯಾವ ಅಂಗಡಿಯವರೂ ಕೆಲಸಕ್ಕೆ ಕರೆಯುತ್ತಿಲ್ಲ.

ಫ್ಯಾಕ್ಟರಿಗೆ ಬರುವ ಬೀಜದಲ್ಲಿ ದೊಡ್ಡ ಪಾಲು ಆಫ್ರಿಕಾದ್ದು. ಐವರಿ ಕೋಸ್ಟ್, ತಾಂಜಾನಿಯಾ, ಗಿನಿ ಬಿಸ್ಸಾವ್, ಬೆನಿನ್. ಅದೇ ಬೀಜಕ್ಕೆ ವಿಯೆಟ್ನಾಂನವರೂ ಕೈ ಹಾಕುತ್ತಾರೆ, ಅವರಲ್ಲಿ ಯಂತ್ರ ಹೆಚ್ಚು. ಸರ್ಕಾರ ಸುಮ್ಮನಿಲ್ಲ ಎಂಬುದೂ ನಿಜ. 2018ರ ಬಜೆಟ್‌ನಲ್ಲಿ ಹಸಿ ಬೀಜದ ಆಮದು ಸುಂಕವನ್ನು ಶೇಕಡಾ 5ರಿಂದ 2.5ಕ್ಕೆ ಇಳಿಸಿದರು. 2019ರಲ್ಲಿ ಅಗ್ಗದ ತಿರುಳು ಒಳಗೆ ಬರದಂತೆ ಕನಿಷ್ಠ ಆಮದು ಬೆಲೆಯನ್ನು ತುಂಡಿಗೆ ಕಿಲೋಗೆ 680 ರೂಪಾಯಿ, ಇಡಿಗೆ 720 ರೂಪಾಯಿ ಮಾಡಿದರು. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ರಫ್ತುದಾರರಿಗೆ 20,000 ಕೋಟಿ ರೂಪಾಯಿಯ ಸಾಲ ಖಾತರಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇವೆಲ್ಲ ಬೇಕಾದವೇ. ಆದರೆ ಒಂದರಲ್ಲಿ ಮಾಲೀಕನಿದ್ದಾನೆ, ಒಂದರಲ್ಲಿ ಬೆಳೆಗಾರನಿದ್ದಾನೆ, ಒಂದರಲ್ಲಿ ಬ್ಯಾಂಕ್ ಇದೆ. ಸುಲಿಯುವವಳು ಯಾವುದರಲ್ಲಿಯೂ ಇಲ್ಲ.

ನಾನು ಕೇಳುವುದು ಇಷ್ಟೇ. ವ್ಯಾಪಾರ ಒಪ್ಪಂದ, ಸುಂಕ, ನಿಷೇಧ ಇವೆಲ್ಲ ಸರ್ಕಾರಗಳು ಕೂತು ಮಾಡುವ ತೀರ್ಮಾನ. ಅದರಿಂದ ಕೆಲಸ ಹೋದರೆ ಹೋದವಳ ಹೆಸರಿಗೆ, ಅವಳ ಖಾತೆಗೆ, ಒಂದಷ್ಟು ತಿಂಗಳು ಆದಾಯ ಯಾಕೆ ಬರಬಾರದು? ಹೊರದೇಶದಲ್ಲಿ ಇಂಥದ್ದು ಇತ್ತು ಎಂದು ಓದಿದ್ದೇನೆ. ಬಲ್ಲವರು ಹೇಳಿ.

ಸೋಂದಾದವ, ಈಗ ಓಹಾಯೋ

ಅಕ್ಕೋರೇ, ಇಲ್ಲಿ ಅಮೆರಿಕದಲ್ಲಿ ಇತ್ತು. 1962ರಲ್ಲಿ ಕೆನಡಿ ಕಾಲದ ವ್ಯಾಪಾರ ವಿಸ್ತರಣಾ ಕಾಯ್ದೆಯೊಂದಿಗೆ ಶುರುವಾದದ್ದು, 1974ರ ಕಾಯ್ದೆಯಲ್ಲಿ ದೊಡ್ಡದಾಯಿತು. ಸುಂಕ ಇಳಿಸುವುದಕ್ಕೆ ಕಾರ್ಮಿಕ ಸಂಘಗಳ ಒಪ್ಪಿಗೆ ಬೇಕಿತ್ತು. ದೇಶಕ್ಕೆ ಲಾಭವಾಗುವ ವ್ಯಾಪಾರದಲ್ಲಿ ಯಾರ ಹೊಟ್ಟೆಗೆ ಹೊಡೆತವೋ ಅವರನ್ನು ದೇಶವೇ ನೋಡಿಕೊಳ್ಳಬೇಕು ಎನ್ನುವ ಮಾತಿನ ಮೇಲೆ ಕಾಯ್ದೆ ಆಯಿತು.

ನಡೆಯುತ್ತಿದ್ದದ್ದು ಹೀಗೆ. ಕೆಲಸ ಕಳೆದುಕೊಂಡ ಮೂರು ಜನ ಸೇರಿ ಅರ್ಜಿ ಹಾಕಬಹುದು. ಸಂಘ, ಕಂಪನಿ ಅಥವಾ ರಾಜ್ಯದ ಕಚೇರಿಯೂ ಹಾಕಬಹುದು. ಆಮದು ಹೆಚ್ಚಿದ್ದರಿಂದಲೋ ಕೆಲಸ ಹೊರದೇಶಕ್ಕೆ ಹೋದದ್ದರಿಂದಲೋ ಹೀಗಾಯಿತೇ ಎಂದು ಕೇಂದ್ರದ ಕಾರ್ಮಿಕ ಇಲಾಖೆ ವಿಚಾರಣೆ ಮಾಡುತ್ತಿತ್ತು. ಹೌದು ಎಂದಾದರೆ ಆ ಘಟಕದಿಂದ ಹೊರಬಿದ್ದ ಎಲ್ಲರಿಗೂ ಹಕ್ಕು. ಮೊದಲು ಮಾಮೂಲಿ ನಿರುದ್ಯೋಗ ವಿಮೆ, ಅದು ಮುಗಿದ ಮೇಲೆ ತರಬೇತಿಯಲ್ಲಿರುವವರಿಗೆ ಪ್ರತಿ ವಾರ ಭತ್ಯೆ. ಎರಡೂ ಸೇರಿ ಸಾಮಾನ್ಯವಾಗಿ 130 ವಾರಗಳವರೆಗೆ ಹೋಗುತ್ತಿತ್ತು. 50 ದಾಟಿದವರಿಗೆ ಬೇರೆ ದಾರಿಯೂ ಇತ್ತು: ಕಡಿಮೆ ಸಂಬಳದ ಹೊಸ ಕೆಲಸಕ್ಕೆ ಸೇರಿದರೆ ಹಳೆಯ ಸಂಬಳಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಅರ್ಧವನ್ನು ಸರ್ಕಾರ ತುಂಬಿಕೊಡುತ್ತಿತ್ತು, ಎರಡು ವರ್ಷದಲ್ಲಿ ಗರಿಷ್ಠ 10,000 ಡಾಲರ್.

ನಾನಿರುವ ಊರಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆ ಮೆಕ್ಸಿಕೋಗೆ ಹೋದಾಗ ಪಕ್ಕದ ಮನೆಯವರು ಇದರಲ್ಲಿ ಆಸ್ಪತ್ರೆಯ ತಂತ್ರಜ್ಞರ ಕೋರ್ಸ್ ಮಾಡಿ ಬೇರೆ ಕೆಲಸ ಹಿಡಿದರು. ಅವರ ಜೊತೆಗಿದ್ದ ವಯಸ್ಸಾದವರಿಗೆ ತರಬೇತಿ ಹತ್ತಲಿಲ್ಲ. 2012ರಲ್ಲಿ ಇಲಾಖೆಗಾಗಿಯೇ ಮಾಡಿದ ಮೌಲ್ಯಮಾಪನದಲ್ಲಿ, ಯೋಜನೆಗೆ ಸೇರಿದವರ ಗಳಿಕೆ ನಾಲ್ಕು ವರ್ಷವಾದರೂ ಸೇರದವರಿಗಿಂತ ಹಿಂದೆಯೇ ಇತ್ತು ಎಂದು ಬಂತು. ದೀರ್ಘಕಾಲ ಲೆಕ್ಕ ಹಾಕಿದ ಬೇರೆ ಅಧ್ಯಯನದಲ್ಲಿ ಲಾಭ ಕಂಡಿದೆ. ಹಾಗಾಗಿ ಇದು ಪೂರ್ತಿ ಗೆದ್ದಿತು ಎಂದೂ ಸೋತಿತು ಎಂದೂ ಹೇಳಲಾರೆ.

ಇನ್ನೊಂದು ಮಾತು. 1962ರಲ್ಲಿ ಕಾಯ್ದೆ ಬಂದರೂ ಷರತ್ತು ಎಷ್ಟು ಬಿಗಿ ಇತ್ತೆಂದರೆ 1969ರವರೆಗೆ ಒಬ್ಬ ಕಾರ್ಮಿಕನಿಗೂ ಮಂಜೂರಾಗಲಿಲ್ಲ. ಈಗಂತೂ ಬಾಗಿಲೇ ಹಾಕಿದೆ. 2022ರ ಜುಲೈ 1ರಿಂದ ಕಾಯ್ದೆಯ ಅವಧಿ ಮುಗಿದು ಹೊಸ ಅರ್ಜಿಗಳಿಗೆ ಮಂಜೂರಾತಿ ನಿಂತಿತು, ಸಂಸತ್ತು ಮುಂದುವರಿಸಲಿಲ್ಲ. ಯುರೋಪಿನಲ್ಲಿ 2007ರಿಂದ ಇಂಥದೇ ನಿಧಿ ಇದೆ, ಅದು ನಡೆಯುತ್ತಿದೆ. ಅಲ್ಲಿ ಮೊದಲು 1,000 ಜನರ ಕೆಲಸ ಹೋಗಿರಬೇಕಿತ್ತು, ಈಗ 200 ಜನರಾದರೆ ಸಾಕು.

ಬೈತಖೋಲ ತಾಂಡೇಲ

200 ಜನ ಅಂದ್ರೆ ನಮ್ಮ ಕಡೆ ಯಾವ ಫ್ಯಾಕ್ಟರಿಯೂ ಲೆಕ್ಕಕ್ಕೆ ಬರೂದಿಲ್ಲ ಮಾರಾಯ್ರೆ.

ಶರಾವತಿ ಎಡದಂಡೆ

ಒಂದು ಪ್ರಶ್ನೆ. ಮನೆ ಯಜಮಾನಿಗೆ ಗೃಹಲಕ್ಷ್ಮಿಯ 2,000 ಬರುತ್ತಿದೆ. ಡಿಗ್ರಿ ಆದ ಮಕ್ಕಳಿಗೆ ಯುವನಿಧಿ ಇದೆ. ಅಕ್ಕಿ ಇದೆ, ಬಸ್ಸು ಇದೆ. ಇದರ ಮೇಲೆ ಇನ್ನೊಂದು ಯೋಜನೆ ಎಂದರೆ ಹಣ ಎಲ್ಲಿಂದ? ತೆರಿಗೆ ಕೊಡುವವರ ಬಗ್ಗೆಯೂ ಯಾರಾದರೂ ಯೋಚಿಸಬೇಕಲ್ಲ. ಮೇಲಾಗಿ ವ್ಯಾಪಾರದಲ್ಲಿ ಏರಿಳಿತ ಇದ್ದದ್ದೇ. ಮಾಲೀಕನಿಗೆ ಲಾಭ ಬಂದ ವರ್ಷ ಸರ್ಕಾರಕ್ಕೆ ಯಾರೂ ಹೆಚ್ಚು ಕೊಡುವುದಿಲ್ಲ.

ಕುಮಟಾದ ಅಕ್ಕೋರು

ತಮ್ಮಾ, ಗೃಹಲಕ್ಷ್ಮಿ ಕೆಲಸ ಇದ್ದಾಗಲೂ ಬರುತ್ತಿತ್ತು, ಈಗಲೂ ಬರುತ್ತದೆ. ಕೆಲಸ ಹೋದದ್ದಕ್ಕೆ ಅದು ಉತ್ತರ ಅಲ್ಲ. ಅತ್ತೆ ಯಜಮಾನಿಯಾಗಿರುವ ಮನೆಯಲ್ಲಿ ಸೊಸೆ ಫ್ಯಾಕ್ಟರಿಗೆ ಹೋಗುತ್ತಿದ್ದಳು ಎಂದಿಟ್ಟುಕೋ, ಸೊಸೆಯ ಕೈಗೆ ಏನು ಬಂತು? ಉದ್ಯೋಗ ಖಾತ್ರಿಯೂ ಪಂಚಾಯ್ತಿ ವ್ಯಾಪ್ತಿಯವರಿಗೆ. ಕುಮಟಾ ಪುರಸಭೆ, ಕಾರವಾರ ನಗರಸಭೆಯೊಳಗೆ ಇರುವವರಿಗೆ ಅದೂ ಇಲ್ಲ.

ಹಣ ಎಲ್ಲಿಂದ ಎಂದು ಕೇಳಿದ್ದು ಸರಿಯಾದ ಪ್ರಶ್ನೆ. ಹಸಿ ಬೀಜದ ಮೇಲೆ ಸುಂಕ ವಸೂಲಾಗುತ್ತದೆ. ಅಡಿಕೆ ಆಮದಿನ ಮೇಲೆ ನೂರಕ್ಕೆ ನೂರು ಸುಂಕ ಇದೆ. ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆಯ ಕಾಲದಿಂದಲೂ ನಿರ್ಮಾಣ ವೆಚ್ಚದ ಶೇಕಡಾ 1ರಷ್ಟು ಸೆಸ್ ತೆಗೆದು ಕಲ್ಯಾಣ ಮಂಡಳಿ ನಡೆಸುತ್ತಿಲ್ಲವೇ? ಗಡಿಯಲ್ಲಿ ವಸೂಲಾದ ಸುಂಕದ ಒಂದು ಪಾಲು, ಅದೇ ಕಸುಬಿನಲ್ಲಿ ಕೆಲಸ ಹೋದವರಿಗೆ ಬರಲಿ ಎನ್ನುವುದು ದಾನ ಕೇಳಿದಂತೆ ಅಲ್ಲ.

ಗೇರು ವ್ಯವಹಾರ

ನಾನು ಈ ಕಸುಬಿನಲ್ಲಿ ಮಾಲೀಕರ ಕಡೆಯವನು. ಅಕ್ಕೋರು ಬೈದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹಸಿ ಬೀಜ ಕೊಳ್ಳುವಾಗ ಡಾಲರ್‌ನಲ್ಲಿ ದುಡ್ಡು ಕಟ್ಟುತ್ತೇವೆ. ಹಡಗು ಬಂದು ಬೀಜ ಒಣಗಿ ಸುಲಿದು ತಿರುಳು ಡಬ್ಬಿಗೆ ಹೋಗುವಷ್ಟರಲ್ಲಿ ತಿಂಗಳುಗಳು. ಅಷ್ಟರಲ್ಲಿ ತಿರುಳಿನ ದರ ಇಳಿದರೆ ಬ್ಯಾಂಕಿನ ಬಡ್ಡಿಗೇ ಎಲ್ಲ ಹೋಗುತ್ತದೆ. ಆಫ್ರಿಕಾದ ಸರ್ಕಾರಗಳೂ ತಮ್ಮಲ್ಲೇ ಸುಲಿಯಬೇಕು ಎಂದು ಹೊರಟಿವೆ, ಅದು ಅವರ ನ್ಯಾಯ. ಪೈಪೋಟಿ ತಾಳಲಾರದೆ ನಾನು ಒಡೆಯುವ ಯಂತ್ರ, ಪೊರೆ ತೆಗೆಯುವ ಯಂತ್ರ ಹಾಕಿಸಿದೆ. ಯಂತ್ರ ಬಂದ ಮೇಲೆ ಅರ್ಧದಷ್ಟು ಹೆಂಗಸರಿಗೆ ಕೆಲಸ ಉಳಿಯಲಿಲ್ಲ. ಹಾಕಿಸದಿದ್ದರೆ ಎಲ್ಲರದ್ದೂ ಹೋಗುತ್ತಿತ್ತು.

ಈಗ ನೀವು ಹೇಳುವ ಯೋಜನೆ ಬಂದರೆ ನನ್ನ ಹೆಂಗಸರದ್ದು ವಿದೇಶಿ ವ್ಯಾಪಾರದಿಂದ ಹೋದ ಕೆಲಸವೋ, ಯಂತ್ರದಿಂದ ಹೋದದ್ದೋ? ಕಚೇರಿಯವರು ಯಂತ್ರದ್ದು ಎಂದು ಬರೆದು ಫೈಲ್ ಮುಚ್ಚುತ್ತಾರೆ. ನನಗೂ ಆ ಹೆಂಗಸರ ಮುಖ ನೋಡುವುದು ಕಷ್ಟ. ಹಬ್ಬಕ್ಕೆ ಮುಂಗಡ ಕೇಳಿ ಬರುವಷ್ಟು ಸಲಿಗೆ ಇದ್ದವರು.

ಸೋಂದಾದವ, ಈಗ ಓಹಾಯೋ

ಇದೇ ಜಗಳ ಇಲ್ಲಿಯೂ ಆಗಿತ್ತು. ಯಂತ್ರ ಬಂದು ಕೆಲಸ ಹೋದವನಿಗೆ ಬರೀ ನಿರುದ್ಯೋಗ ವಿಮೆ, ಚೀನಾದ ಮಾಲಿನಿಂದ ಹೋದವನಿಗೆ ಎರಡೂವರೆ ವರ್ಷ ಭತ್ಯೆ. ಇಬ್ಬರೂ ಒಂದೇ ಬೀದಿಯಲ್ಲಿ ಇರುವವರು. ಆಮದು ಏಕೈಕ ಕಾರಣ ಆಗಿರಬೇಕಿಲ್ಲ, ಮುಖ್ಯ ಪಾಲಿದ್ದರೆ ಸಾಕು ಎಂದು 1974ರಲ್ಲಿ ಷರತ್ತು ಸಡಿಲ ಮಾಡಿದರು. ಆಮೇಲೆ ಪೆಟ್ಟು ತಿಂದ ಕಂಪನಿಗೆ ಸಾಮಾನು ಒದಗಿಸುವ ಘಟಕದವರನ್ನೂ ಸೇರಿಸಿದರು. 2002ರಲ್ಲಿ ರೈತರನ್ನು, ಆಮೇಲೆ ಮೀನುಗಾರರನ್ನು ಸೇರಿಸಿದರು.

ತಾಂಡೇಲರೇ, ಇದು ನಿಮಗೆ ಸಂಬಂಧಪಟ್ಟದ್ದು. ಹೊರದೇಶದ ಸಿಗಡಿಯಿಂದ ದರ ಬಿದ್ದಿತು ಎಂದು ಮೆಕ್ಸಿಕೋ ಕೊಲ್ಲಿ ಕಡೆಯ ಸಿಗಡಿ ಬೋಟಿನವರಿಗೆ 2010ರಲ್ಲಿ ಈ ನೆರವು ಮಂಜೂರಾಯಿತು. ತರಬೇತಿ ಮುಗಿಸಿ ಯೋಜನೆ ಬರೆದುಕೊಟ್ಟರೆ ಒಬ್ಬರಿಗೆ 12,000 ಡಾಲರ್‌ವರೆಗೆ. ಆ ಹೊರದೇಶದ ಸಿಗಡಿಯಲ್ಲಿ ಭಾರತದ್ದೂ ಇತ್ತು.

ಬೈತಖೋಲ ತಾಂಡೇಲ

ಇದು ನನಗೆ ಗೊತ್ತಿರಲಿಲ್ಲ. ಅಂದ್ರೆ ನಮ್ಮ ದೇಶದ ಸಿಗಡಿ ಹೋಗಿ ಅವರ ಬೋಟಿನವರಿಗೆ ಪೆಟ್ಟು ಬಿತ್ತು, ಅವರ ಸರ್ಕಾರ ಅವರ ಕೈ ಹಿಡಿಯಿತು. 2025ರ ಆಗಸ್ಟ್ 27ಕ್ಕೆ ಅವರು ನಮ್ಮ ಮಾಲಿನ ಮೇಲೆ ಸುಂಕ ಶೇಕಡಾ 50 ಮಾಡಿದ್ರು. ಆಗ ನಮ್ಮ ಕಡೆ ಕೆಲಸ ಹೋದವರ ಕೈ ಯಾರು ಹಿಡಿದ್ರು?

ಸರಿಯಾಗಿ ತಿಳಿದಿರಲಿ, ನಮ್ಮ ಟ್ರಾಲರ್ ಬೋಟಿನ ಸಿಗಡಿ ಅಮೆರಿಕಕ್ಕೆ ಹೋಗೂದೇ ಇಲ್ಲ. ಬಲೆಗೆ ಕಡಲಾಮೆ ಪಾರಾಗುವ ಸಾಧನ ಇಲ್ಲ ಅಂತ 2018ರಿಂದ ಸಮುದ್ರದಲ್ಲಿ ಹಿಡಿದ ಸಿಗಡಿ ಅವರು ತಗೊಳ್ಳೂದಿಲ್ಲ. ಸುಂಕದ ಪೆಟ್ಟು ಬಿದ್ದದ್ದು ಕೆರೆಯಲ್ಲಿ ಸಾಕಿದ ಸಿಗಡಿಗೆ. ಕುಮಟಾ, ಅಂಕೋಲಾದ ಗಜನಿ ಅಂದ್ರೆ ಉಪ್ಪುನೀರಿನ ಗದ್ದೆಯಲ್ಲಿ ಸಿಗಡಿ ಕೆರೆ ಮಾಡಿಕೊಂಡವರಿಗೆ. ಅವರ ಹಿಂದೆ ಶೆಡ್ಡಿನಲ್ಲಿ ತಲೆ ಮುರಿದು ಸಿಪ್ಪೆ ಬಿಡಿಸುವ ಹೆಂಗಸರು. ಮಂಜುಗಡ್ಡೆ ನೀರಲ್ಲಿ ಕೈ ಇಟ್ಟು ಬೆರಳು ಸೆಟೆದು ಹೋಗ್ತದೆ, ಸಿಗಡಿ ಮುಳ್ಳು ಚುಚ್ಚಿ ಕೀವು ಆಗ್ತದೆ. ಅವರಿಗೂ ಕಿಲೋ ಲೆಕ್ಕವೇ. ಮಾಲು ಬರದ ದಿನ ಮನೆಗೆ ಕಳಿಸ್ತಾರೆ, ಆ ದಿನಕ್ಕೆ ಏನೂ ಇಲ್ಲ.

ನಮ್ಮಲ್ಲಿ ಕೆಲಸ ಇಲ್ಲದ ದಿನಕ್ಕೆ ದುಡ್ಡು ಕೊಡುವ ರೂಢಿ ಇಲ್ಲವೇ ಇಲ್ಲ ಅಂತ ಹೇಳಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್. ಉಳಿತಾಯ ಪರಿಹಾರ ಯೋಜನೆಯಲ್ಲಿ ಮೀನುಗಾರ 1,500 ಕಟ್ಟಿದ್ರೆ ಕೇಂದ್ರದ್ದು 1,500, ರಾಜ್ಯದ್ದು 1,500 ಸೇರಿ 4,500 ಖಾತೆಗೆ ಬರ್ತದೆ. ಕಡಿಮೆಯೇ. ತಡವಾಗಿ ಬಂದ ವರ್ಷವೂ ಉಂಟು. ಆದ್ರೆ ಪಟ್ಟಿ ಇದೆ, ಸೊಸೈಟಿ ಇದೆ, ಹೆಸರು ಬರೆಸುವ ದಾರಿ ಇದೆ. ಸರ್ಕಾರ ಮೀನು ಹಿಡಿಯಬೇಡ ಅಂದ್ರೆ ದುಡ್ಡು ಕೊಡ್ತದೆ. ಸರ್ಕಾರಗಳ ಜಗಳದಲ್ಲಿ ಮೀನು ಕೊಳ್ಳುವವನೇ ಇಲ್ಲದಾದ್ರೆ ಕೊಡೂದಿಲ್ಲ. ಇದರ ನ್ಯಾಯ ನನಗೆ ತಿಳಿಯೂದಿಲ್ಲ.

ಶೆಡ್ಡಿನ ಹೆಂಗಸರು ಆ ಪಟ್ಟಿಯಲ್ಲಿಲ್ಲ. ಒಡಿಶಾ, ಜಾರ್ಖಂಡದಿಂದ ಬಂದ ಖಲಾಸಿಗಳೂ ಇಲ್ಲ. ನನ್ನ ಬೋಟಿನಲ್ಲಿ ಈಗ ಅವರೇ ಹೆಚ್ಚು.

ಲೇಬರ್ ಕಚೇರಿ, ನಿವೃತ್ತ

ಕಾರ್ಮಿಕ ಕಾಯ್ದೆಗಳ ನಡುವೆ ಸೇವೆ ಕಳೆದವನು ನಾನು. ಈಗಿರುವ ಕಾನೂನಿನಲ್ಲಿ ಏನು ಸಿಗುತ್ತದೆ ಎನ್ನುವುದನ್ನು ಮೊದಲು ನೋಡೋಣ. ಎಷ್ಟೋ ಹೆಂಗಸರು ಅದನ್ನೂ ಕೇಳದೆ ಬಿಟ್ಟಿದ್ದಾರೆ.

ಕಾರ್ಖಾನೆ ಮುಚ್ಚಿದರೆ ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನದ ಸರಾಸರಿ ಸಂಬಳ ಪರಿಹಾರ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ಮಾಲೀಕನ ಕೈ ಮೀರಿದ ಕಾರಣಕ್ಕೆ ಮುಚ್ಚಿದರೆ ಮೂರು ತಿಂಗಳ ಸಂಬಳಕ್ಕೆ ಮಿತಿ ಹಾಕಬಹುದು. ಆದರೆ ಬರೀ ನಷ್ಟವಾಯಿತು, ಮಾಲು ಮಾರಾಟವಾಗದೆ ಉಳಿಯಿತು ಎನ್ನುವುದು ಕೈ ಮೀರಿದ ಕಾರಣ ಆಗುವುದಿಲ್ಲ ಎಂದು ಕಾಯ್ದೆಯೇ ಸ್ಪಷ್ಟವಾಗಿ ಹೇಳಿದೆ. ವಿದೇಶಿ ಪೈಪೋಟಿಯಿಂದ ನಷ್ಟ ಎಂದು ಹೇಳಿ ಮಾಲೀಕರು ಈ ಮಿತಿಯ ಹಿಂದೆ ಹೋಗಲು ಬರುವುದಿಲ್ಲ. ಕಿಲೋ ಲೆಕ್ಕದ ಕೂಲಿಯವರೂ ಕಾರ್ಮಿಕರೇ.

ತೊಡಕು ಇರುವುದು ವರ್ಷದ ಲೆಕ್ಕದಲ್ಲಿ. 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಮಾತ್ರ ಒಂದು ವರ್ಷದ ನಿರಂತರ ಸೇವೆ. ಬೀಜ ಬಂದಾಗ ಕೆಲಸ, ಇಲ್ಲದಾಗ ಮನೆ ಎನ್ನುವ ಕಡೆ 240 ದಿನ ತೋರಿಸುವುದು ಸುಲಭವಲ್ಲ. ಹಾಜರಿ ಪುಸ್ತಕ ಮಾಲೀಕರ ಬಳಿ ಇರುತ್ತದೆ.

ಇಎಸ್‌ಐ ಎಂಬ ಕಾರ್ಮಿಕರ ವಿಮೆಗೆ ವಂತಿಗೆ ಕಟ್ಟಿದವರಿಗೆ ಎರಡು ದಾರಿ. ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ 2005ರದ್ದು, ಕಾರ್ಖಾನೆ ಮುಚ್ಚಿ ಅಥವಾ ಹೆಚ್ಚುವರಿ ಎಂದು ಕೆಲಸದಿಂದ ತೆಗೆದು ನಿರುದ್ಯೋಗಿಯಾದರೆ ಮೊದಲ ವರ್ಷ ಸಂಬಳದ ಅರ್ಧ, ಎರಡನೇ ವರ್ಷ ಕಾಲು ಭಾಗ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರದ್ದು, ಸಂಬಳದ ಅರ್ಧದಂತೆ 90 ದಿನ, ಜೀವನದಲ್ಲಿ ಒಮ್ಮೆ. ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ವಾರಕ್ಕೆ ಮೂರೇ ದಿನ ಕರೆದರು ಎಂದು ಅಕ್ಕೋರು ಬರೆದಿದ್ದಾರಲ್ಲ, 26 ವಾರಕ್ಕೆ ಸರಿಯಾಗಿ 78. ಒಂದು ದಿನ ಜ್ವರ ಬಂದರೆ ಕೈ ತಪ್ಪಿತು.

ಹೊಸ ಸಂಹಿತೆಯಲ್ಲಿ ಮರು ಕೌಶಲ್ಯ ನಿಧಿ ಎಂದು ಒಂದಿದೆ. ಕೆಲಸದಿಂದ ತೆಗೆದವರಿಗೆ ಮಾಲೀಕ 15 ದಿನದ ಸಂಬಳ ತುಂಬಬೇಕು, 45 ದಿನದೊಳಗೆ ಅದು ಕಾರ್ಮಿಕನ ಖಾತೆಗೆ ಬರಬೇಕು. ಒಳ್ಳೆಯದೇ. ಆದರೆ ಅದು ಹೆಚ್ಚುವರಿ ಎಂದು ತೆಗೆದವರಿಗೆ ಮಾತ್ರ ಎಂದು ಬರೆದಿದೆ. ಕಾರ್ಖಾನೆಯೇ ಪೂರ್ತಿ ಮುಚ್ಚಿಹೋದರೆ ಅನ್ವಯಿಸುವುದಿಲ್ಲ.

ಈಗ ಮೂಲ ಪ್ರಶ್ನೆಗೆ. ನಮ್ಮ ದೇಶದಲ್ಲೂ ಮಾದರಿ ಇತ್ತು. 1986ರಲ್ಲಿ ಜವಳಿ ಕಾರ್ಮಿಕರ ಪುನರ್ವಸತಿ ನಿಧಿ ಯೋಜನೆ ತಂದರು. ಗಿರಣಿ ಶಾಶ್ವತವಾಗಿ ಮುಚ್ಚಿದರೆ ಕಾರ್ಮಿಕನಿಗೆ ಮೊದಲ ವರ್ಷ ಸಂಬಳದ ಶೇಕಡಾ 75, ಎರಡನೇ ವರ್ಷ 50, ಮೂರನೇ ವರ್ಷ 25. ಐದು ವರ್ಷ ಸೇವೆ ಆಗಿರಬೇಕಿತ್ತು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಏನೆಂದರೆ, ಗಿರಣಿ ಯಾಕೆ ಮುಚ್ಚಿತು ಎಂದು ಅದು ಕೇಳಲಿಲ್ಲ. ಮುಚ್ಚಿದೆಯೇ ಎಂದು ಮಾತ್ರ ಕೇಳಿತು. ಪವರ್‌ಲೂಮ್‌ನಿಂದಲೋ ಮಾಲೀಕನ ಜಗಳದಿಂದಲೋ ವಿದೇಶಿ ಬಟ್ಟೆಯಿಂದಲೋ, ಕಾರ್ಮಿಕನಿಗೆ ಎಲ್ಲವೂ ಒಂದೇ. 2017ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿ ಇಎಸ್‌ಐ ಯೋಜನೆಯಲ್ಲಿ ವಿಲೀನ ಮಾಡಿದರು. ಉದಾರೀಕರಣದ ಹೊತ್ತಿಗೆ 1992ರಲ್ಲಿ ರಾಷ್ಟ್ರೀಯ ನವೀಕರಣ ನಿಧಿ ಎಂದೂ ಒಂದು ಬಂದಿತ್ತು. ಮರು ತರಬೇತಿ, ಮರು ಉದ್ಯೋಗ ಎಂದು ಹೇಳಿ ಶುರು ಮಾಡಿದ್ದರ ಬಹುಪಾಲು ಹಣ ಕೇಂದ್ರದ ಕಾರ್ಖಾನೆಗಳ ಸ್ವಯಂ ನಿವೃತ್ತಿಗೆ ಹೋಯಿತು. ಖಾಸಗಿ ಕಾರ್ಮಿಕರಿಗೆ ಮುಟ್ಟಿದ್ದು ಅತ್ಯಲ್ಪ.

ಆದ್ದರಿಂದ ವ್ಯಾಪಾರದಿಂದ ಹೋದದ್ದು, ಯಂತ್ರದಿಂದ ಹೋದದ್ದು ಎಂಬ ಭೇದವೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಕೆಲಸ ಹೋದ ಎಲ್ಲರಿಗೂ ಇರಲಿ.

ಅದಿರು ಲಾರಿ, ಅಂಕೋಲಾ

ಸಾಹೇಬರೇ, ಎಲ್ಲರಿಗೂ ಅಂತ ಬರೆದರೆ ನಮ್ಮಂಥವರಿಗೆ ಮತ್ತೆ ಸಿಗುವುದಿಲ್ಲ. ನಾವು ಯಾವ ಕಾರ್ಖಾನೆಯ ಪುಸ್ತಕದಲ್ಲೂ ಇದ್ದವರಲ್ಲ.

ಚೀನಾದವರು ಅದಿರು ಕೇಳಿದ ಕಾಲದಲ್ಲಿ ಹೊಸಪೇಟೆ ಕಡೆಯಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಬೇಲೇಕೇರಿಗೆ, ಕಾರವಾರಕ್ಕೆ ಲಾರಿ ಸಾಲು ಹಿಡಿದಿತ್ತು. ಹೈವೇ ಪಕ್ಕದ ಮನೆಗಳ ಹೆಂಚು ಕೆಂಪು ಧೂಳಲ್ಲಿ ಮುಳುಗಿತ್ತು, ಮಕ್ಕಳಿಗೆ ಕೆಮ್ಮು. ಆದರೂ ಊರೆಲ್ಲ ಅದರ ಮೇಲೆ ನಿಂತಿತ್ತು. ಪಂಕ್ಚರ್ ಅಂಗಡಿ, ಗ್ಯಾರೇಜ್, ಖಾನಾವಳಿ, ಬಂದರಿನಲ್ಲಿ ಲೋಡಿಂಗ್. ಸಾಲ ಮಾಡಿ ಲಾರಿ ತೆಗೆದವರು ಎಷ್ಟೋ ಜನ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. ಕದ್ದ ಅದಿರು ಹೋಗುತ್ತಿತ್ತು ಎಂಬುದು ಸತ್ಯ, ಲೋಕಾಯುಕ್ತ ವರದಿಯೂ ಬಂತು. ನಿಲ್ಲಿಸಿದ್ದು ತಪ್ಪು ಎಂದು ನಾನು ಯಾವತ್ತೂ ಹೇಳಿಲ್ಲ.

ಆದರೆ ಕಂತು ಕಟ್ಟಲಾಗದೆ ಲಾರಿ ಫೈನಾನ್ಸ್‌ನವರ ಅಂಗಳಕ್ಕೆ ಹೋಯಿತು. ಕ್ಲೀನರ್ ಹುಡುಗರು ಗೋವಾಕ್ಕೆ ಹೋದರು. ಕೈಗಾ, ಕದ್ರಾ, ಸೀಬರ್ಡ್‌ಗೆ ಭೂಮಿ ಕೊಟ್ಟವರ ಹೆಸರಾದರೂ ಸರ್ಕಾರದ ಪುಸ್ತಕದಲ್ಲಿದೆ, ಪರಿಹಾರಕ್ಕೆ ಕೋರ್ಟಿಗೆ ಹೋಗಲು ಒಂದು ಕಾಗದ ಇದೆ. ನಮ್ಮಲ್ಲಿ ಆ ಕಾಗದವೂ ಇಲ್ಲ. ಸರ್ಕಾರದ ಒಂದು ಆದೇಶದಿಂದ ಕೆಲಸ ಹೋಯಿತು ಎನ್ನುವುದಕ್ಕೆ ಇಡೀ ಅಂಕೋಲಾ ಸಾಕ್ಷಿ ಇದ್ದರೂ ಅರ್ಜಿ ಹಾಕಲು ಒಂದು ಕಿಟಕಿ ಇರಲಿಲ್ಲ. ಓಹಾಯೋದವರು ಹೇಳಿದ ಮೂರು ಜನರ ಅರ್ಜಿ ಓದಿ ನನಗೆ ಅದೇ ನೆನಪಾಯಿತು.

ತೋಟದಮನೆ, ಶಿರಸಿ

ಘಟ್ಟದ ಮೇಲಿನ ಮಾತೂ ಇರಲಿ. 2003ರ ಸುಮಾರಿಗೆ ವೆನಿಲಾಕ್ಕೆ ಬಂದ ದರ ನೋಡಿ ಮನೆಮನೆಯಲ್ಲಿ ಬಳ್ಳಿ ಹಾಕಿದೆವು, ರಾತ್ರಿ ಕಾವಲು ಕಾದೆವು. ಮಡಗಾಸ್ಕರ್‌ನಲ್ಲಿ ಬೆಳೆ ಚೇತರಿಸಿಕೊಂಡದ್ದೇ ಸಾವಿರಗಟ್ಟಲೆ ಇದ್ದ ದರ ನೆಲ ಕಚ್ಚಿತು. ಕಾಳುಮೆಣಸಿಗೂ ಆಯಿತು, ಶ್ರೀಲಂಕಾ ಒಪ್ಪಂದದ ದಾರಿಯಲ್ಲಿ ಕಡಿಮೆ ಸುಂಕಕ್ಕೆ ಮೆಣಸು ಬಂತು. 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ಎಂದು ಕನಿಷ್ಠ ಆಮದು ಬೆಲೆ ಹಾಕಿದರು. ಅಡಿಕೆಗೆ 251 ಇದ್ದದ್ದನ್ನು 2023ರ ಫೆಬ್ರವರಿಯಲ್ಲಿ 351 ಮಾಡಿದರು. ಹುರಿದ ಅಡಿಕೆ ಎಂದು ಹೆಸರು ಬದಲಿಸಿ ತರಿಸುತ್ತಿದ್ದರು, 2025ರಲ್ಲಿ ಅದಕ್ಕೂ ಇದೇ ಬೆಲೆ ಅನ್ವಯ ಮಾಡಿದರು.

ನಾವು ಬೆಳೆಗಾರರು ಗಲಾಟೆ ಮಾಡಿದೆವು, ಸಿಕ್ಕಿತು. ನಮಗೆ ಸಹಕಾರಿ ಸಂಘ ಇದೆ, ಶಾಸಕರು ಸಂಸದರು ಫೋನ್ ಎತ್ತುತ್ತಾರೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡರಿಗೆ, ಚಾಲಿ ಅಂದರೆ ಒಣಗಿದ ಅಡಿಕೆ ಸುಲಿಯಲು ಬರುವವರಿಗೆ ಇದ್ಯಾವುದೂ ಇಲ್ಲ. ಮೆಣಸಿನ ದರ ಬಿದ್ದ ವರ್ಷ ನಾನು ಕೊಯ್ಲಿಗೆ ಆಳು ಕಡಿಮೆ ಮಾಡಿದೆ. ನನಗೆ ಲಾಭ ಕಡಿಮೆಯಾಯಿತು, ಅವರಿಗೆ ಒಲೆಗೇ ಬಂತು. ಬೆಲೆ ಕಾಯ್ದರೆ ಕೂಲಿ ತಾನಾಗಿ ಉಳಿಯುತ್ತದೆ ಎಂದು ನಮ್ಮ ಸಭೆಗಳಲ್ಲಿ ಹೇಳುತ್ತೇವೆ. ಪೂರ್ತಿ ನಿಜವಲ್ಲ ಅದು.

ಶರಾವತಿ ಎಡದಂಡೆ

ಲಾರಿಯವರ ಮಾತು ಓದಿ ಯೋಚನೆ ಬದಲಾಗುತ್ತಿದೆ. ಆದರೂ ಕೇಳುತ್ತೇನೆ, ಸುಳ್ಳು ಅರ್ಜಿ ತಡೆಯುವುದು ಹೇಗೆ? ಪಟ್ಟಿ ಎಂದರೆ ಪಂಚಾಯ್ತಿ ಸದಸ್ಯರ ನೆಂಟರ ಪಟ್ಟಿ ಆಗಬಾರದು.

ಲೇಬರ್ ಕಚೇರಿ, ನಿವೃತ್ತ

ದಾಖಲೆ ಇಲ್ಲ ಎನ್ನುವ ಮಾತು ಮೊದಲಿನಷ್ಟು ನಿಜವಲ್ಲ. ಪಿಎಫ್ ಕಟ್ಟಿದವರದ್ದು ಆನ್‌ಲೈನ್‌ನಲ್ಲಿ ತಿಂಗಳು ತಿಂಗಳು ಕಾಣುತ್ತದೆ, ಇಎಸ್‌ಐಯದ್ದೂ ಹಾಗೆಯೇ. ವಾರದ ಕೂಲಿ ಬ್ಯಾಂಕಿಗೆ ಹಾಕಿದ್ದರೆ ಪಾಸ್‌ಬುಕ್ ಸಾಕ್ಷಿ. ಅಸಂಘಟಿತರಿಗೆ 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್ ಇದೆ, ಕಸುಬು ಏನು ಎಂದು ಅಲ್ಲಿ ಬರೆಸಬೇಕು. ಬಹಳ ಜನ ಗೇರು ಕೆಲಸ, ಮೀನು ಸಂಸ್ಕರಣೆ ಎಂದು ಬರೆಸುವ ಬದಲು ಕೃಷಿ ಕೂಲಿ ಎಂದು ಬರೆಸಿದ್ದಾರೆ. ಸೇವಾ ಕೇಂದ್ರದವರು ಕೈಗೆ ಬಂದದ್ದನ್ನು ಒತ್ತುತ್ತಾರೆ. ಅದನ್ನು ತಿದ್ದಿಸುವುದು ಈಗಲೇ ಮಾಡಬಹುದಾದ ಕೆಲಸ.

ಕುಮಟಾದ ಅಕ್ಕೋರು

ಎಲ್ಲರ ಮಾತೂ ಓದಿದೆ. ನಿವೃತ್ತ ಸಾಹೇಬರ ಜೊತೆ ಒಂದು ವಿಷಯದಲ್ಲಿ ನನ್ನ ಭಿನ್ನಾಭಿಪ್ರಾಯ ಉಳಿದಿದೆ. ಕೆಲಸ ಹೋದ ಎಲ್ಲರಿಗೂ ನೆರವು ಬೇಕು, ಒಪ್ಪಿದೆ. ಆದರೆ ಅದಕ್ಕೆ ಕಾಯುತ್ತ ಕೂತರೆ ಇವರ ಪಾಳಿ ಬರುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವಾಗ ಯಾವ ಕಸುಬಿಗೆ ಪೆಟ್ಟು ಎಂದು ಸರ್ಕಾರಕ್ಕೆ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೂ ಮಾಡಿದ ಮೇಲೆ ಹೊಣೆಯೂ ಅಲ್ಲೇ ಇದೆ. ಯಂತ್ರದ ಬಗ್ಗೆ ಮಾಲೀಕರು ಹೇಳಿದ್ದು ನನಗೆ ಪೂರ್ತಿ ಒಪ್ಪಿಗೆ, ಪೈಪೋಟಿಗೆ ಯಂತ್ರ ಬಂದರೆ ಅದೂ ವ್ಯಾಪಾರದ ಪೆಟ್ಟೇ. ಹಾಗಾಗಿ ಒಬ್ಬೊಬ್ಬರ ಕಾರಣ ಹುಡುಕುವ ಬದಲು ಕಸುಬನ್ನೇ ಹೆಸರಿಸಬೇಕು. ಗೇರು ಎಂದು ಒಮ್ಮೆ ಘೋಷಿಸಿದರೆ ಜಿಲ್ಲೆಯಲ್ಲಿ ಆ ಕಸುಬಿನಿಂದ ಹೊರಬಿದ್ದ ಎಲ್ಲರಿಗೂ, ಗಿರಣಿಯವರಿಗೆ ಕೊಟ್ಟ ಹಾಗೆ 75, 50, 25. ದಿನದ ಲೆಕ್ಕ 240 ಬೇಡ, ಕಸುಬಿನಲ್ಲಿ ಎಷ್ಟು ವರ್ಷ ಇದ್ದರು ಎಂದು ನೋಡಲಿ.

ತರಬೇತಿಯನ್ನು ಷರತ್ತು ಮಾಡಬಾರದು ಎಂದೂ ಬರೆಯುತ್ತೇನೆ. ಐವತ್ತೈದರ ಹೆಂಗಸನ್ನು ಹೊಲಿಗೆ ಕ್ಲಾಸಿಗೆ ಕೂರಿಸಿ ಸರ್ಟಿಫಿಕೇಟ್ ಕೊಟ್ಟರೆ ಅವಳಿಗೆ ಗಿರಾಕಿ ಎಲ್ಲಿ? ಕಣ್ಣೂ ಮಂಜಾಗಿರುತ್ತದೆ. ಅವಳು ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಕಡಿಮೆ ಸಂಬಳಕ್ಕೆ ಹೋಗುತ್ತಿದ್ದರೆ, ಅಮೆರಿಕದಲ್ಲಿ ಮಾಡಿದ ಹಾಗೆ ಕಡಿಮೆಯಾದ ಅರ್ಧ ತುಂಬಿಕೊಡಲಿ. ಕಲಿಯುತ್ತೇನೆ ಎನ್ನುವ ಹುಡುಗಿಯರಿಗೆ ತರಬೇತಿ ಇರಲಿ.

ಮೊದಲ ಮನವಿ ಮೂವರು ಹೆಂಗಸರ ಸಹಿಯಲ್ಲಿ ಹೋಗುತ್ತದೆ, ಜಿಲ್ಲಾ ಕಾರ್ಮಿಕ ಅಧಿಕಾರಿಗೆ ಮತ್ತು ಸಂಸದರಿಗೆ. ಇಎಸ್‌ಐ ಇದ್ದವರ ಅರ್ಜಿ ಅದಕ್ಕೆ ಕಾಯದೆ ಈ ವಾರವೇ ಹಾಕಿಸುತ್ತೇವೆ. ತಾಂಡೇಲರೇ, ಶೆಡ್ಡಿನ ಹೆಂಗಸರಲ್ಲಿ ಸಹಿ ಹಾಕುವವರು ಇದ್ದರೆ ತಿಳಿಸಿ. ತೋಟದಮನೆಯವರೇ, ನಿಮ್ಮ ಸಂಘದ ಪುಸ್ತಕದಲ್ಲಿ ಕೊನೆಗೌಡರ ಹೆಸರು ಇದೆಯೇ?

ಬೈತಖೋಲ ತಾಂಡೇಲ

ಇದ್ದಾರೆ. ಇಬ್ಬರು ಈಗಲೇ ಒಪ್ಪಿದ್ರು. ಒಡಿಶಾದ ಹುಡುಗರ ಹೆಸರೂ ಬರೆಯಬಹುದೋ ಕೇಳ್ತಾರೆ.

ಲೇಬರ್ ಕಚೇರಿ, ನಿವೃತ್ತ

ಬರೆಯಬಹುದು. ಇ-ಶ್ರಮ್ ಸಂಖ್ಯೆ ದೇಶಕ್ಕೆಲ್ಲ ಒಂದೇ, ಯಾವ ರಾಜ್ಯದಲ್ಲಿ ಮಾಡಿಸಿದ್ದರೂ ನಡೆಯುತ್ತದೆ.

ತೋಟದಮನೆ, ಶಿರಸಿ

ಸಂಘದ ಪುಸ್ತಕದಲ್ಲಿ ನನ್ನ ಹೆಸರಿದೆ, ತಂದ ಚೀಲ ಎಷ್ಟು ಎಂದಿದೆ, ಚಾಲಿಯೋ ಕೆಂಪೋ ಎಂದಿದೆ. ಕೊಯ್ದವರ ಹೆಸರಿಲ್ಲ. ಮಹಾಸಭೆಯಲ್ಲಿ ಈ ಸಲ ಕೇಳುತ್ತೇನೆ. ಅದಕ್ಕೂ ಮುಂಚೆ ನನ್ನ ತೋಟಕ್ಕೆ ಬರುವವರ ಹೆಸರು, ಎಷ್ಟು ವರ್ಷದಿಂದ ಬರುತ್ತಾರೆ ಎಂಬುದನ್ನು ಬರೆದು ಸಹಿ ಹಾಕಿ ಅವರ ಕೈಗೇ ಕೊಡುತ್ತೇನೆ.